ಬ್ಯಾಟುಗಾರನ ಸರಾಸರಿ: ಅದರ ನ್ಯಾಯ, ಅನ್ಯಾಯ

ಕ್ರಿಕೆಟ್ಟನ್ನು ಕುರಿತು ಲೇಖನ ಬರೆಯುತ್ತೇನೆಂದು ನಾನು ಹೇಳಿದಾಗ ಈ ಸಂಚಿಕೆಯ ಸಂಪಾದಕ ಮಿತ್ರರು ನಕ್ಕುಬಿಟ್ಟರು. ಅವರ ನಗೆಗೆ ಕಾರಣವಿಲ್ಲದಿಲ್ಲ. ಕಾಲೇಜಿಗೆ ಸೇರಿದಂದಿನಿಂದ ನಾನು ಬ್ಯಾಟು ಹಿಡಿದದ್ದಕ್ಕಿಂತ ಪೆನ್ಸಿಲು ಹಿಡಿದು ಗೆರೆಯಾಚೆ ಕುಳಿತದ್ದೇ ಹೆಚ್ಚು. ಭಾನುವಾರಗಳಂದು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮೈದಾನಗಳಲ್ಲಿ ನಡೆಯುವ ಪಂದ್ಯಗಳಿಗೆ ಸ್ಕೋರು ಬರೆಯುವವನು ನಾನು. ಬೌಂಡರಿ ಹೊಡೆದವನಿಗೆ ಚಪ್ಪಾಳೆ. ಅದನ್ನು ಬರೆದುಕೊಂಡವನಿಗೆ ಮಧ್ಯಾಹ್ನ ಒಂದು ಪೊಟ್ಟಣ ಚಿತ್ರಾನ್ನ. ಇದರಲ್ಲಿ ನನಗೆ ದೂರೇನೂ ಇಲ್ಲ. ಆದರೆ ಆ ಪುಸ್ತಕದಿಂದಲೇ ನನ್ನ ಕೈಯಲ್ಲಿ ಒಂದು ಕೆಲಸ ನಡೆದುಹೋಯಿತು. ಅದೇ ಈ ಲೇಖನಕ್ಕೆ ಕಾರಣ.

ಹೋದ ವರ್ಷ ನಮ್ಮ ಕಡೆಯ ಒಂದು ತಂಡದವರು ಪರಸ್ಥಳದ ಪಂದ್ಯಾವಳಿಗೆ ಹದಿನಾಲ್ಕು ಮಂದಿಯನ್ನು ಆರಿಸಬೇಕಾಗಿ ಬಂತು. ಹದಿನಾಲ್ಕಕ್ಕಿಂತ ಹೆಚ್ಚು ಹುಡುಗರಿದ್ದರು. "ಎಲ್ಲರ ಸರಾಸರಿ ತೆಗೆದು ಒಂದು ಹಾಳೆ ಮೇಲೆ ಬರ್ಕೊಟ್ಟುಬಿಡಪ್ಪ, ಜಗಳವೇ ಬೇಡ" ಎಂದರು ಹಿರಿಯರೊಬ್ಬರು. ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರದ ಜೊತೆಗೆ ಒಂದಿಷ್ಟು ಸಂಖ್ಯಾಶಾಸ್ತ್ರವನ್ನೂ ಓದುತ್ತಿರುವ ನನಗೆ ಇದೊಂದು ಗೌರವವೆಂದೇ ತೋರಿತು. ರಾತ್ರಿ ಕುಳಿತು ದಶಾಂಶ ಎರಡು ಸ್ಥಾನಗಳವರೆಗೆ ಲೆಕ್ಕ ಹಾಕಿ, ಮೇಲಿನಿಂದ ಕೆಳಕ್ಕೆ ಹೆಸರುಗಳನ್ನು ಜೋಡಿಸಿ ಕೊಟ್ಟೆ. ಹದಿನೈದನೆಯ ಹೆಸರು ಕೆಂಗೇರಿಯಿಂದ ಬಸ್ಸು ಹತ್ತಿ ಬರುತ್ತಿದ್ದ ಒಬ್ಬ ಹುಡುಗನದು. ಹದಿನಾಲ್ಕನೆಯವನಿಗೂ ಅವನಿಗೂ ಇದ್ದ ಅಂತರ ಎರಡು ರನ್ನಿಗಿಂತ ಕಡಿಮೆ. ಅವನು ಆಡಿದ್ದು ಆರೇ ಇನ್ನಿಂಗ್ಸು. ಪಟ್ಟಿಯನ್ನು ನೋಡಿ ನನ್ನ ಬಳಿಗೆ ಬಂದು, "ಅಣ್ಣ, ಲೆಕ್ಕ ಸರಿಯಾಗಿದೆ ತಾನೆ?" ಎಂದು ಕೇಳಿದ. ಸರಿಯಾಗಿದೆ ಎಂದೆ. ಅದು ಸುಳ್ಳಲ್ಲ, ಭಾಗಾಕಾರದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೂ ಅವನು ಕೇಳಿದ ಪ್ರಶ್ನೆಗೆ ನಾನು ಕೊಟ್ಟದ್ದು ಉತ್ತರವೇ ಎಂಬ ಸಂದೇಹ ಆಗ ಹತ್ತಿದ್ದು ಇನ್ನೂ ಬಿಟ್ಟಿಲ್ಲ.

ಇರಲಿ; ಮೊದಲು ಸರಾಸರಿಯೆಂದರೇನು ಎಂಬುದನ್ನು ನೋಡೋಣ. ಆಟದಲ್ಲಿ ಆಸಕ್ತಿಯಿಲ್ಲದ ಗುರುಗಳು ಕ್ಷಮಿಸಬೇಕು. ಒಬ್ಬ ಬ್ಯಾಟುಗಾರ ಗಳಿಸಿದ ಒಟ್ಟು ರನ್ನುಗಳನ್ನು ಅವನು ಎಷ್ಟು ಸಲ ಔಟಾದನೋ ಆ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಸರಾಸರಿ. ಎಷ್ಟು ಸಲ ಆಡಿದ ಎಂಬುದರಿಂದಲ್ಲ, ಎಷ್ಟು ಸಲ ಔಟಾದ ಎಂಬುದರಿಂದ ಎನ್ನುವುದನ್ನು ಗಮನಿಸಬೇಕು. ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಗುಂಡಪ್ಪ ವಿಶ್ವನಾಥರು 91 ಟೆಸ್ಟ್ ಪಂದ್ಯಗಳಲ್ಲಿ 155 ಇನ್ನಿಂಗ್ಸ್ ಆಡಿ, 10 ಸಲ ಔಟಾಗದೆ ಉಳಿದು, 6080 ರನ್ನು ಗಳಿಸಿದರು. 6080ನ್ನು 145ರಿಂದ ಭಾಗಿಸಿದರೆ 41.93. ಇದು ಅವರ ಸರಾಸರಿ.

ಔಟಾಗದೆ ಉಳಿದ ಇನ್ನಿಂಗ್ಸಿನ ರನ್ನನ್ನು ಮೇಲೆ ಕೂಡಿಸಿಕೊಂಡು, ಆ ಇನ್ನಿಂಗ್ಸನ್ನು ಕೆಳಗೆ ಎಣಿಸದೆ ಬಿಡುವುದು ಯಾವ ನ್ಯಾಯ ಎಂದು ಯಾರಿಗಾದರೂ ತೋರಬಹುದು. ಈ ಆಕ್ಷೇಪಣೆಗೆ ಬಲ ಕೊಡುವ ಪ್ರಸಂಗಗಳೂ ಉಂಟು. 1953ರಲ್ಲಿ ಇಂಗ್ಲೆಂಡಿಗೆ ಹೋದ ಆಸ್ಟ್ರೇಲಿಯ ತಂಡದಲ್ಲಿ ಬಿಲ್ ಜಾನ್‌ಸ್ಟನ್ ಎಂಬ ಬೌಲರಿದ್ದರು. ಬ್ಯಾಟು ಹಿಡಿಯುವುದರಲ್ಲಿ ಅವರದು ಕೊನೆಯ ಸ್ಥಾನ. ಆ ಪ್ರವಾಸದಲ್ಲಿ 17 ಇನ್ನಿಂಗ್ಸ್ ಆಡಿ ಒಟ್ಟು 102 ರನ್ನು ಮಾಡಿದರು. ಅದರಲ್ಲಿ 16 ಸಲ ಔಟಾಗದೆ ಉಳಿದರು. ಆದ್ದರಿಂದ ಸರಾಸರಿ 102! ಬ್ರಾಡ್‌ಮನ್ನರ ಟೆಸ್ಟ್ ಸರಾಸರಿಯಾದ 99.94ಕ್ಕಿಂತ ಮೇಲೆ. ನಮ್ಮ ಕಡೆಯ ಉದಾಹರಣೆ ಇದಕ್ಕಿಂತ ಇತ್ತೀಚಿನದು, ಇದಕ್ಕಿಂತ ಗಂಭೀರವಾದದ್ದು. ಕರ್ನಾಟಕ ತಂಡದಲ್ಲಿ ಸ್ಥಾನ ತಪ್ಪಿ ವಿದರ್ಭಕ್ಕೆ ಆಡಲು ಹೋಗಿದ್ದ ಕರುಣ್ ನಾಯರ್ ಅವರು 2024-25ರ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಉಪಾಂತ್ಯ ಪಂದ್ಯ ಮುಗಿಯುವ ಹೊತ್ತಿಗೆ ಏಳು ಇನ್ನಿಂಗ್ಸ್ ಆಡಿ, ಒಂದೇ ಸಲ ಔಟಾಗಿ, 752 ರನ್ನು ಮಾಡಿದ್ದರು. ಸರಾಸರಿ 752. ಪತ್ರಿಕೆಗಳು ಇದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದವು. ಅಂತಿಮ ಪಂದ್ಯ ಕರ್ನಾಟಕದ ಮೇಲೆಯೇ ಬಿತ್ತು. ಅದರಲ್ಲಿ ಅವರು 27ಕ್ಕೆ ಔಟಾದರು. ಒಂದೇ ಮಧ್ಯಾಹ್ನದಲ್ಲಿ 752 ಇದ್ದದ್ದು 389.50ಕ್ಕೆ ಇಳಿಯಿತು. ಆ ಒಂದು ಮಧ್ಯಾಹ್ನದಲ್ಲಿ ಅವರ ಆಟ ಅರ್ಧಕ್ಕಿಳಿಯಿತೆಂದು ಯಾರಾದರೂ ಹೇಳುತ್ತಾರೆಯೆ?

ಹಾಗಾದರೆ ಆಡಿದ ಇನ್ನಿಂಗ್ಸುಗಳಿಂದಲೇ ಭಾಗಿಸಿಬಿಡಬಾರದೇಕೆ? ಇಲ್ಲಿ ಜೀವವಿಮೆಯವರ ಲೆಕ್ಕ ನೆರವಿಗೆ ಬರುತ್ತದೆ. ನೂರು ಮಂದಿ ವಿಮೆ ಮಾಡಿಸಿದ್ದಾರೆ. ಹತ್ತು ವರ್ಷಗಳಲ್ಲಿ ಅವರಲ್ಲಿ ಹತ್ತು ಮಂದಿ ತೀರಿಕೊಂಡಿದ್ದಾರೆ, ಉಳಿದ ತೊಂಬತ್ತು ಮಂದಿ ಬದುಕಿದ್ದಾರೆ ಎಂದಿಟ್ಟುಕೊಳ್ಳಿ. ಮನುಷ್ಯನ ಸರಾಸರಿ ಆಯುಸ್ಸನ್ನು ಕಂಡುಹಿಡಿಯಲು ಹೊರಟವನು, ಬದುಕಿರುವವರೆಲ್ಲ ಇಂದೇ ಸತ್ತರೆಂದು ಬರೆದುಕೊಂಡರೆ ಆಯುಸ್ಸು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಬದುಕಿರುವವರನ್ನು ಲೆಕ್ಕದಿಂದಲೇ ಕೈಬಿಟ್ಟರೂ ಅದೇ ಗತಿ. ಅವರು ಇಷ್ಟು ವರ್ಷವಂತೂ ಬದುಕಿದರು, ಮುಂದಿನದು ಗೊತ್ತಿಲ್ಲ ಎಂಬುದೇ ಸತ್ಯ. ಔಟಾಗದೆ ಉಳಿದ ಬ್ಯಾಟುಗಾರನ ಕಥೆಯೂ ಇದೇ. ಎಪ್ಪತ್ತು ಮಾಡಿ ನಿಂತಿದ್ದಾನೆ, ಓವರುಗಳು ಮುಗಿದವು. ಅವನ ಇನ್ನಿಂಗ್ಸಿನ ಆಯುಸ್ಸು ಎಪ್ಪತ್ತು ಎಂದು ಬರೆಯುವುದು ಬದುಕಿರುವವನಿಗೆ ಮರಣಪತ್ರ ಬರೆದಂತೆ.

ಈ ಹೋಲಿಕೆ ನನ್ನ ಕಲ್ಪನೆಯಲ್ಲ. 1945ರಷ್ಟು ಹಿಂದೆಯೇ ಇಂಗ್ಲೆಂಡಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಎಲ್ಡರ್ಟನ್, ವುಡ್ ಎಂಬ ಇಬ್ಬರು ಕ್ರಿಕೆಟ್ ಸ್ಕೋರುಗಳನ್ನು ಕುರಿತು ಲೇಖನಗಳನ್ನು ಪ್ರಕಟಿಸಿದರು. ಎಲ್ಡರ್ಟನ್ನರು ವೃತ್ತಿಯಿಂದ ವಿಮೆಯ ಗಣಿತಜ್ಞರೇ. ಬ್ಯಾಟುಗಾರನ ಸ್ಕೋರುಗಳು ಸುಮಾರಾಗಿ ಗುಣೋತ್ತರ ಶ್ರೇಢಿಯಂತೆ ಇಳಿಯುತ್ತವೆ ಎಂಬುದು ವುಡ್ಡರ ವಾದ. ಎಂದರೆ, ಹತ್ತು ರನ್ನು ತಲಪಿದವರಲ್ಲಿ ನೂರಕ್ಕೆ ಎಷ್ಟು ಮಂದಿ ಇಪ್ಪತ್ತನ್ನು ಮುಟ್ಟುತ್ತಾರೋ, ಐವತ್ತು ತಲಪಿದವರಲ್ಲಿಯೂ ಸುಮಾರು ಅಷ್ಟೇ ಮಂದಿ ಅರವತ್ತನ್ನು ಮುಟ್ಟುತ್ತಾರೆ. ಚೌಕಾಬಾರದ ಕವಡೆಗಳಿಗೆ ಹಿಂದಿನ ಗರದ ನೆನಪಿಲ್ಲವಷ್ಟೆ. ಹಾಗೆಯೇ ಔಟಾಗುವ ಅಪಾಯಕ್ಕೂ ಬ್ಯಾಟುಗಾರ ಆವರೆಗೆ ಎಷ್ಟು ಮಾಡಿದ್ದಾನೆಂಬ ನೆನಪಿಲ್ಲ. ಇದು ನಿಜವಾದರೆ, ಔಟಾಗದೆ ಉಳಿದವನು ಅಲ್ಲಿಂದ ಮುಂದಕ್ಕೂ ತನ್ನ ಪೂರ್ತಿ ಸರಾಸರಿಯಷ್ಟು ರನ್ನು ಸೇರಿಸುತ್ತಿದ್ದ ಎನ್ನಬಹುದು. ಆಗ ಔಟಾದ ಸಲಗಳಿಂದ ಮಾತ್ರ ಭಾಗಿಸುವ ನಮ್ಮ ಹಳೆಯ ಪದ್ಧತಿಯೇ ಸರಿಯೆಂದು ಗಣಿತ ಒಪ್ಪುತ್ತದೆ. ಹಳ್ಳಿಯ ಅಂಪೈರೂ ಮಾಡುವ ಭಾಗಾಕಾರದ ಹಿಂದೆ ಇಷ್ಟು ತತ್ತ್ವ ಅಡಗಿದೆಯೆಂದು ತಿಳಿದಾಗ ನನಗೆ ಸಂತೋಷವಾಯಿತು.

ಸಂಪೂರ್ಣವಾಗಿ ನಿಜವೇನೂ ಅಲ್ಲ, ಆ ಮಾತು ಬೇರೆ. ಈ ನಿಯಮದಂತೆ ಸೊನ್ನೆಗೆ ಔಟಾಗುವ ಸಂಭವ ಸರಾಸರಿಗೆ ಒಂದು ಕೂಡಿಸಿದ ಸಂಖ್ಯೆಯಲ್ಲಿ ಒಂದು ಪಾಲು. ಬ್ರಾಡ್‌ಮನ್ನರಿಗೆ ಇದು ನೂರಕ್ಕೆ ಒಂದರಷ್ಟು. ಅವರ 80 ಇನ್ನಿಂಗ್ಸುಗಳಲ್ಲಿ ಒಂದು ಸೊನ್ನೆಯೂ ಬೀಳಬಾರದಿತ್ತು ಎನ್ನಬಹುದು. ಬಿದ್ದದ್ದು ಏಳು, ಕೊನೆಯದು 1948ರಲ್ಲಿ ಅವರ ಕಡೆಯ ಇನ್ನಿಂಗ್ಸಿನಲ್ಲೇ. ಹೊಸದಾಗಿ ಬಂದು ನಿಂತವನಿಗೆ ಕಣ್ಣು ಕೂರುವವರೆಗೆ ಅಪಾಯ ಹೆಚ್ಚು ಎಂದು ಆಡುವವರೆಲ್ಲರೂ ಹೇಳುವ ಮಾತನ್ನು ಅಂಕಿಗಳೂ ಹೇಳುತ್ತವೆ. 1993ರಲ್ಲಿ ಕಿಂಬರ್, ಹ್ಯಾನ್ಸ್‌ಫರ್ಡ್ ಎಂಬವರು ಮರಣಪ್ರಮಾಣದ ಪಟ್ಟಿಗಳನ್ನು ತಯಾರಿಸುವ ವಿಧಾನವನ್ನೇ ಬ್ಯಾಟಿಂಗಿಗೆ ಹಚ್ಚಿ, ಒಂದೊಂದು ಸ್ಕೋರಿನಲ್ಲೂ ಔಟಾಗುವ ಅಪಾಯವನ್ನು ಬೇರೆಬೇರೆಯಾಗಿ ಅಳೆದು ಸರಾಸರಿ ಕಟ್ಟುವ ಮಾರ್ಗವನ್ನು ತೋರಿಸಿದರು.

ಈಗ ನನ್ನನ್ನು ಬಹಳ ದಿನ ಕಾಡಿದ ವಿಷಯಕ್ಕೆ ಬರುತ್ತೇನೆ. ಕರುಣ್ ನಾಯರ್ ಅವರು 2016ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಎದುರು ಚೆನ್ನೈಯಲ್ಲಿ ಔಟಾಗದೆ 303 ರನ್ನು ಗಳಿಸಿದ್ದು ಎಲ್ಲರಿಗೂ ನೆನಪಿದೆ. ಸೆಹವಾಗರ ಬಳಿಕ ಟೆಸ್ಟಿನಲ್ಲಿ ಮುನ್ನೂರು ದಾಟಿದ ಭಾರತೀಯರು ಅವರೊಬ್ಬರೇ. ಅದು ಅವರ ಮೂರನೆಯ ಟೆಸ್ಟ್ ಪಂದ್ಯ. ಅದಕ್ಕೆ ಹಿಂದಿನ ಎರಡು ಇನ್ನಿಂಗ್ಸುಗಳಲ್ಲಿ 4 ಮತ್ತು 13. ಮುಂದೆ 2017ರಲ್ಲಿ ಆಸ್ಟ್ರೇಲಿಯದ ಎದುರು 26, 0, 23, 5. ಅಲ್ಲಿಗೆ ಅವರನ್ನು ಕೈಬಿಟ್ಟರು. ಏಳು ಇನ್ನಿಂಗ್ಸ್, 374 ರನ್ನು, ಸರಾಸರಿ 62.33. ಅರವತ್ತೆರಡರ ಸರಾಸರಿಯುಳ್ಳವನನ್ನು ತೆಗೆದುಹಾಕಿದರಲ್ಲಾ ಎಂದು ಒಂದು ಪಕ್ಷ. ಆ ಒಂದನ್ನು ಬಿಟ್ಟರೆ ಉಳಿದದ್ದೇನು ಎಂದು ಇನ್ನೊಂದು ಪಕ್ಷ. ಚಹಾ ಅಂಗಡಿಯ ಮುಂದೆ ಈ ವಾದ ಇಂದಿಗೂ ಮುಗಿದಿಲ್ಲ. ಎಂಟು ವರ್ಷ ಕಾದು 2025ರಲ್ಲಿ ಅವರು ಮತ್ತೆ ಇಂಗ್ಲೆಂಡಿಗೆ ಹೋದರು. ಅಲ್ಲಿ ನಾಲ್ಕು ಟೆಸ್ಟುಗಳಲ್ಲಿ 0, 20, 31, 26, 40, 14, 57, 17. ಆ ಪ್ರವಾಸದ ಕೊನೆಗೆ ಅವರ ಲೆಕ್ಕ: 15 ಇನ್ನಿಂಗ್ಸ್, 14 ಸಲ ಔಟು, 579 ರನ್ನು. ಭಾಗಿಸಿದೆ. 41.36.

ಪೆನ್ಸಿಲು ಕೆಳಗಿಟ್ಟು ಎರಡು ನಿಮಿಷ ಸುಮ್ಮನೆ ಕುಳಿತೆ. ವಿಶ್ವನಾಥರದು 41.93, ಇವರದು 41.36. ಕೇವಲ ಸರಾಸರಿಯನ್ನೇ ನಂಬುವವನ ದೃಷ್ಟಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ ತೂಕದ ಬ್ಯಾಟುಗಾರರು!

ತರಗತಿಯಲ್ಲಿ ಕಲಿತ ಮಧ್ಯಾಂಕವನ್ನು ಹಚ್ಚಿ ನೋಡಿದೆ. ಸ್ಕೋರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವುದೇ ಮಧ್ಯಾಂಕ. ಕರುಣ್ ಅವರ ಮೊದಲ ಏಳರಲ್ಲಿ ಅದು 13, ಹದಿನೈದರಲ್ಲಿ 20. ಇಷ್ಟೇ ನೋಡಿ ತೀರ್ಪು ಕೊಡುವುದೂ ತಪ್ಪೇ. ಗುಣೋತ್ತರ ನಿಯಮದಂತೆ ಯಾವ ಬ್ಯಾಟುಗಾರನಿಗಾದರೂ ಮಧ್ಯಾಂಕ ಸರಾಸರಿಗಿಂತ ಕೆಳಗೇ ಇರಬೇಕು, ಸುಮಾರು ನೂರಕ್ಕೆ ಎಪ್ಪತ್ತರಷ್ಟು. 41ರ ಸರಾಸರಿಯವನಿಗೆ 28 ಅಥವಾ 29 ಸಹಜ. 20 ಅದಕ್ಕಿಂತ ಕಡಿಮೆ, ಆದರೆ ಪಾತಾಳವೇನೂ ಅಲ್ಲ. ಮಧ್ಯಾಂಕದ ದೊಡ್ಡ ಅನ್ಯಾಯ ಇನ್ನೊಂದು. 303ರ ಬದಲು ಅವರು ಅಂದು 33 ಮಾಡಿದ್ದರೂ ಮಧ್ಯಾಂಕ 20 ಆಗಿಯೇ ಇರುತ್ತಿತ್ತು. ಗಂಟೆಗಟ್ಟಲೆ ಬಿಸಿಲಿನಲ್ಲಿ ನಿಂತು ಮಾಡಿದ ಕೆಲಸವನ್ನು ನೋಡಿಯೂ ನೋಡದಂತೆ ಹೋಗುವ ಅಳತೆಯನ್ನು ನ್ಯಾಯವಾದದ್ದೆಂದು ಹೇಗೆ ಕರೆಯುವುದು?

ವಿಶ್ವನಾಥರಿಗೂ ಕರುಣ್ ಅವರಿಗೂ ಇರುವ ನಿಜವಾದ ಅಂತರ ಸರಾಸರಿಯಲ್ಲಿಲ್ಲ, ಅದರ ಭರವಸೆಯಲ್ಲಿದೆ. ಇದಕ್ಕೊಂದು ಸುಲಭ ಸೂತ್ರವುಂಟು. ಗುಣೋತ್ತರ ನಿಯಮದಲ್ಲಿ ಸ್ಕೋರುಗಳ ಮಾನಕ ವಿಚಲನೆ, ಎಂದರೆ ಅವು ಸರಾಸರಿಯ ಆಚೀಚೆ ಚೆದುರುವ ಪ್ರಮಾಣ, ಸರಿಸುಮಾರು ಸರಾಸರಿಯಷ್ಟೇ ಇರುತ್ತದೆ. ಆದ್ದರಿಂದ ಸರಾಸರಿಯನ್ನು ಔಟಾದ ಸಲಗಳ ವರ್ಗಮೂಲದಿಂದ ಭಾಗಿಸಿದರೆ, ಆ ಸರಾಸರಿಯಲ್ಲಿ ಎಷ್ಟು ದೋಷವಿರಬಹುದೆಂಬ ಅಂದಾಜು ಸಿಗುತ್ತದೆ. ಅದರ ಎರಡರಷ್ಟನ್ನು ಮೇಲಕ್ಕೂ ಕೆಳಕ್ಕೂ ಬಿಟ್ಟುಕೊಳ್ಳುವುದು ಸಂಖ್ಯಾಶಾಸ್ತ್ರಜ್ಞರ ವಾಡಿಕೆ. ವಿಶ್ವನಾಥರ 145ರ ವರ್ಗಮೂಲ ಸುಮಾರು 12. ದೋಷ ಮೂರೂವರೆ ರನ್ನು. ಅವರ ನಿಜವಾದ ಸಾಮರ್ಥ್ಯ 35ಕ್ಕೂ 49ಕ್ಕೂ ನಡುವೆ ಎಲ್ಲೋ ಇದೆಯೆಂದು ಧೈರ್ಯವಾಗಿ ಹೇಳಬಹುದು. ಕರುಣ್ ಅವರ 14ರ ವರ್ಗಮೂಲ 3.74; ದೋಷ 11 ರನ್ನು. ಅವರ ಸಾಮರ್ಥ್ಯ 19 ಆಗಿರಬಹುದು, 63 ಆಗಿರಬಹುದು. 19 ಎಂದರೆ ಬೌಲರು; 63 ಎಂದರೆ ಬ್ರಾಡ್‌ಮನ್ನರನ್ನು ಬಿಟ್ಟರೆ ಸರಿಸಾಟಿಯಿಲ್ಲದ ವೀರ. ಹಜಾರೆ ಪಂದ್ಯಾವಳಿಯ 752ಕ್ಕೆ ಇದೇ ಸೂತ್ರ ಹಚ್ಚಿ: ಒಂದರ ವರ್ಗಮೂಲ ಒಂದೇ; ದೋಷವೂ 752. ಆ ಸಂಖ್ಯೆಯೇ ತನ್ನನ್ನು ನಂಬಬೇಡಿರೆಂದು ಕೂಗಿ ಹೇಳುತ್ತಿದೆ. ಆ ಏಳು ಇನ್ನಿಂಗ್ಸುಗಳಲ್ಲಿ ಅವರು ಅದ್ಭುತವಾಗಿ ಆಡಿದರೆಂಬುದಕ್ಕೆ ಸರಾಸರಿಯ ಸಾಕ್ಷ್ಯ ಬೇಕಾಗಿಯೂ ಇಲ್ಲ. ಅವುಗಳಲ್ಲಿ ಐದು ಶತಕಗಳಿದ್ದವು.

ವಿಶ್ವನಾಥರನ್ನೇ ಅವರ ಮೊದಲ ಇನ್ನಿಂಗ್ಸಿನಿಂದ ಅಳೆದಿದ್ದರೆ ಏನಾಗುತ್ತಿತ್ತು? 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಅವರ ಪ್ರಥಮ ಸ್ಕೋರು ಸೊನ್ನೆ. ಎರಡನೆಯದು 137. ನಡುವೆ ಇದ್ದದ್ದು ಎರಡು ಮೂರು ದಿನ. ವೆಸ್ಟ್ ಇಂಡೀಸಿನ ಆಂಡಿ ಗ್ಯಾಂಟೋಮ್ ಎಂಬವರ ಅದೃಷ್ಟ ಇದಕ್ಕೆ ತಿರುವುಮುರುವು. 1948ರಲ್ಲಿ ಒಂದೇ ಟೆಸ್ಟ್, ಒಂದೇ ಇನ್ನಿಂಗ್ಸ್, 112 ರನ್ನು. ಮತ್ತೆ ಅವರನ್ನು ಕರೆಯಲೇ ಇಲ್ಲ. ದಾಖಲೆಯ ಪುಸ್ತಕದಲ್ಲಿ ಅವರ ಸರಾಸರಿ 112 ಎಂದೇ ನಿಂತಿದೆ.

ಇಷ್ಟೆಲ್ಲ ಓದಿಕೊಂಡು ಒಂದು ರಾತ್ರಿ ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದಾಗ ನಮ್ಮ ತಂದೆಯವರು ಕೆಲಸ ಮುಗಿಸಿ ಬಂದರು. ಅವರು ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಾರೆ. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಏನು ಲೆಕ್ಕವೆಂದು ಕೇಳಿದರು, ಹೇಳಿದೆ. ಹಾಳೆಯನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿ, "ಇದರಲ್ಲಿ ಯಾರು ಎಷ್ಟು ಪೀಸು ಮಾಡಿದ್ರು ಅಂತ ಬರ್ದಿದೀಯ. ಯಾವ ಮಿಷನ್ ಮೇಲೆ ಮಾಡಿದ್ರು ಅಂತ ಎಲ್ಲಿ ಬರ್ದಿದೀಯ?" ಎಂದರು. ಅವರ ಕಾರ್ಖಾನೆಯಲ್ಲಿ ಒಂದು ಹಳೆಯ ಲೇತು, ಒಂದು ಹೊಸದು. ಹೊಸದರ ಮೇಲೆ ಮೆದು ಕಬ್ಬಿಣ ಕಡೆಯುವವನು ಒಂದು ಶಿಫ್ಟಿನಲ್ಲಿ ಇಳಿಸುವ ಪೀಸುಗಳ ಅರ್ಧದಷ್ಟೂ ಹಳೆಯದರ ಮೇಲೆ ಸ್ಟೇನ್‌ಲೆಸ್ ಉಕ್ಕು ಕಡೆಯುವವನಿಗೆ ಸಾಧ್ಯವಿಲ್ಲ. ಬರೀ ಪೀಸು ಎಣಿಸಿ ಕೂಲಿ ಕೊಟ್ಟರೆ ಹಳೆಯ ಲೇತನ್ನು ಮುಟ್ಟುವವರೇ ಇರುವುದಿಲ್ಲ. ಆದ್ದರಿಂದ ಒಂದೊಂದು ಯಂತ್ರಕ್ಕೂ ಒಂದೊಂದು ಜಾಬಿಗೂ ಅಲ್ಲಿ ಬೇರೆ ಬೇರೆ ರೇಟು ಕಟ್ಟಿರುತ್ತಾರೆ. ಸಂಖ್ಯಾಶಾಸ್ತ್ರಜ್ಞರು ಪುಟಗಟ್ಟಲೆ ಬರೆದು ಹೇಳುವುದು ಇದನ್ನೇ.

ತಂದೆಯವರ ಮಾತನ್ನು ಹಿಡಿದುಕೊಂಡು ಎರಡು ಇನ್ನಿಂಗ್ಸುಗಳನ್ನು ತೂಗಿ ನೋಡಿದೆ. ಎರಡೂ ನಡೆದದ್ದು ಚೆಪಾಕಿನ ಒಂದೇ ಮೈದಾನದಲ್ಲಿ. ಒಂದು ಕರುಣ್ ಅವರ 303. ಇನ್ನೊಂದು 1975ರ ಜನವರಿಯಲ್ಲಿ, ಊರಿಗೆ ಇನ್ನೂ ಮದರಾಸೆಂಬ ಹೆಸರಿದ್ದಾಗ, ವೆಸ್ಟ್ ಇಂಡೀಸಿನ ಎದುರು ವಿಶ್ವನಾಥರು ಔಟಾಗದೆ ಮಾಡಿದ 97. ಅದು ಶತಕವಲ್ಲ, ಆದ್ದರಿಂದ ಶತಕಗಳ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಆಂಡಿ ರಾಬರ್ಟ್ಸ್ ಅಂದು 64 ರನ್ನು ಕೊಟ್ಟು ಏಳು ವಿಕೆಟ್ ಕಿತ್ತರು. ಭಾರತದ ಮೊತ್ತ 190. ಎಂದರೆ ತಂಡದ ರನ್ನಿನಲ್ಲಿ ನೂರಕ್ಕೆ 51 ಭಾಗ ಒಬ್ಬರದೇ. ಆ ಪಂದ್ಯದಲ್ಲಿ ಎರಡೂ ಕಡೆಯವರು ನಾಲ್ಕು ಇನ್ನಿಂಗ್ಸುಗಳಲ್ಲಿ ಮಾಡಿದ ರನ್ನು 190, 192, 256, 154, ಒಟ್ಟು 792, ಬಿದ್ದ ವಿಕೆಟ್ 40. ಒಂದು ವಿಕೆಟ್ಟಿಗೆ 19.8 ರನ್ನು. 2016ರ ಪಂದ್ಯದಲ್ಲಿ ಇಂಗ್ಲೆಂಡ್ 477 ಮತ್ತು 207, ಭಾರತ ಏಳು ವಿಕೆಟ್ಟಿಗೆ 759. ಒಟ್ಟು 1443 ರನ್ನು, 27 ವಿಕೆಟ್. ಒಂದು ವಿಕೆಟ್ಟಿಗೆ 53.4. ಮೈದಾನ ಒಂದೇ, ಲೇತು ಬೇರೆ.

ಈಗ ಭಾಗಿಸಿ. 97ನ್ನು 19.8ರಿಂದ ಭಾಗಿಸಿದರೆ 4.9; ಅಂದಿನ ಪಂದ್ಯದ ಐದು ಸಾಮಾನ್ಯ ವಿಕೆಟ್ಟುಗಳ ಬೆಲೆಗೆ ಸಮ. 303ನ್ನು 53.4ರಿಂದ ಭಾಗಿಸಿದರೆ 5.7. ವಿಶ್ವನಾಥರ 97ನ್ನು 2016ರ ಬೆಲೆಗೆ ಪರಿವರ್ತಿಸಿದರೆ ಸುಮಾರು 262 ರನ್ನಾಗುತ್ತದೆ. ವಿಶ್ವನಾಥರ ಅಭಿಮಾನಿಗಳಾದ ಹಿರಿಯರು 97ನ್ನೇ ಮೇಲೆಂದು ನಾನು ಸಾಧಿಸುತ್ತೇನೆಂದು ಕಾದಿದ್ದರು. ಲೆಕ್ಕ ಹಾಗೆ ಬರಲಿಲ್ಲ, ಬಂದಂತೆ ಒಪ್ಪಿಸಿದ್ದೇನೆ. ಆದರೆ 303 ಮತ್ತು 97 ಎಂದು ಬರೆದಾಗ ಮೂರರಷ್ಟಾಗಿ ಕಂಡದ್ದು ಈ ತಕ್ಕಡಿಯಲ್ಲಿ ಪಕ್ಕಪಕ್ಕಕ್ಕೆ ಬಂದು ನಿಲ್ಲುತ್ತದೆ. ಈ ತಕ್ಕಡಿಯೂ ರಾಬರ್ಟ್ಸರ ವೇಗವನ್ನು ನೇರವಾಗಿ ತೂಗಲಾರದು ಎಂಬುದನ್ನೂ ಹೇಳಬೇಕು.

ತಂಡದ ಮೊತ್ತದಲ್ಲಿ ಪಾಲು ನೋಡುವುದು ಇನ್ನೊಂದು ಮಾರ್ಗ. ಟೆಸ್ಟ್ ಚರಿತ್ರೆಯ ಮೊತ್ತಮೊದಲ ಇನ್ನಿಂಗ್ಸಿನಲ್ಲೇ, 1877ರಲ್ಲಿ, ಬ್ಯಾನರ್‌ಮನ್ ಅವರು 245ರಲ್ಲಿ 165 ಮಾಡಿದರು, ನೂರಕ್ಕೆ 67. ಅದನ್ನು ಈವರೆಗೆ ಯಾರೂ ಮೀರಿಲ್ಲ. ಆದರೆ ಜೊತೆಗಾರರು ಸಮರ್ಥರಾದರೆ ಪಾಲು ಇಳಿಯುತ್ತದೆ. 303ರ ಆ ಇನ್ನಿಂಗ್ಸಿನಲ್ಲಿ ನಮ್ಮವರೇ ಆದ ಕೆ. ಎಲ್. ರಾಹುಲ್ 199 ಮಾಡಿದ್ದರು. ಅದು ಕರುಣ್ ಅವರ ಅಪರಾಧವೆ? ಗೆಲುವಿನಿಂದ ಅಳೆಯಬೇಕೆಂಬವರೂ ಇದ್ದಾರೆ. ವಿಶ್ವನಾಥರು ಶತಕ ಹೊಡೆದ 14 ಟೆಸ್ಟುಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲವೆಂಬುದು ಅವರ ಪ್ರಿಯವಾದ ಉದಾಹರಣೆ. ಹಾಗಾದರೆ 2011ರ ಇಂಗ್ಲೆಂಡ್ ಪ್ರವಾಸದ ರಾಹುಲ್ ದ್ರಾವಿಡರಿಗೆ ಏನು ಹೇಳುವುದು? ನಾಲ್ಕು ಟೆಸ್ಟುಗಳಲ್ಲಿ ಮೂರು ಶತಕ, 461 ರನ್ನು. ಓವಲ್‌ನಲ್ಲಿ ಮೊದಲಿಗರಾಗಿ ಬಂದು ಕೊನೆಯವರೆಗೂ ಔಟಾಗದೆ, 300ರಲ್ಲಿ 146. ತಂಡ ನಾಲ್ಕನ್ನೂ ಸೋತಿತು. ಚಂದ್ರಶೇಖರ್, ಪ್ರಸನ್ನ, ಬೇಡಿಯವರು ಬೌಲು ಮಾಡುವ ತಂಡದಲ್ಲಿ ಶತಕ ಹೊಡೆಯುವುದಕ್ಕೂ ಇದಕ್ಕೂ ಇರುವ ಅಂತರವನ್ನು ಬ್ಯಾಟುಗಾರನ ಖಾತೆಗೆ ಬರೆಯುವುದು ಸರಿಯಲ್ಲ.

ಇಪ್ಪತ್ತು ಓವರುಗಳ ಆಟದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅದಕ್ಕೆ ಬೇರೆಯೇ ಲೇಖನ ಬೇಕು. ದ್ರಾವಿಡರು ಟೆಸ್ಟುಗಳಲ್ಲಿ 31,258 ಎಸೆತಗಳನ್ನು ಎದುರಿಸಿದರು. ಅಷ್ಟನ್ನು ಬೇರಾರೂ ಎದುರಿಸಿಲ್ಲ. ಔಟಾದದ್ದು 254 ಸಲ. ಒಂದು ಸಲ ಅವರನ್ನು ಔಟು ಮಾಡಲು ಸರಾಸರಿ 123 ಎಸೆತ ಬೇಕು. ಇಪ್ಪತ್ತು ಓವರುಗಳ ಇಡೀ ಇನ್ನಿಂಗ್ಸಿನಲ್ಲಿ ಇರುವುದೇ 120! ಅಲ್ಲಿ ಹತ್ತು ವಿಕೆಟ್ಟಿಗೆ 120 ಎಸೆತವೆಂದರೆ ಒಂದು ವಿಕೆಟ್ಟಿನ ಪಾಲಿಗೆ ಹನ್ನೆರಡೇ. ಟೆಸ್ಟಿನಲ್ಲಿ ದುರ್ಲಭವಾದದ್ದು ವಿಕೆಟ್ಟು. ಇಲ್ಲಿ ದುರ್ಲಭವಾದದ್ದು ಎಸೆತ. 2020ರ ಐಪಿಎಲ್‌ನಲ್ಲಿ ಪಂಜಾಬಿನ ತಂಡಕ್ಕೆ ಆಡಿದ ಕೆ. ಎಲ್. ರಾಹುಲ್ 670 ರನ್ನು ಮಾಡಿ ಎಲ್ಲರಿಗಿಂತ ಮುಂದಿದ್ದರು, ಸರಾಸರಿ 55.83, ನೂರು ಎಸೆತಕ್ಕೆ 129 ರನ್ನು. ಬೆಂಗಳೂರಿನ ತಂಡದ ಡಿವಿಲಿಯರ್ಸ್ 454 ರನ್ನು, ಸರಾಸರಿ 45.40, ನೂರು ಎಸೆತಕ್ಕೆ 159. ಇಲ್ಲಿ ಸರಾಸರಿಯೊಂದನ್ನೇ ನೋಡಿ ಹೆಚ್ಚುಕಡಿಮೆ ಹೇಳುವವನು ಪಡಿಯನ್ನು ಗಜಕಡ್ಡಿಯಿಂದ ಅಳೆದಂತೆ. ಅಂತರರಾಷ್ಟ್ರೀಯ ಶ್ರೇಯಾಂಕಪಟ್ಟಿಯವರು 1987ರಿಂದ ಎದುರಾಳಿ ಬೌಲರ ಬಲ, ಪಂದ್ಯದ ಮೊತ್ತ, ಫಲಿತಾಂಶ ಎಲ್ಲವನ್ನೂ ಕೂಡಿಸಿ ಸಾವಿರಕ್ಕೆ ಅಂಕ ಕೊಡುತ್ತ ಬಂದಿದ್ದಾರೆ. ಒಳ್ಳೆಯ ಪ್ರಯತ್ನವೇ, ಆದರೆ ಯಾವುದಕ್ಕೆ ಎಷ್ಟು ತೂಕವೆಂಬುದನ್ನು ಅಲ್ಲಿಯೂ ಯಾರೋ ಮನುಷ್ಯರೇ ಕುಳಿತು ನಿಶ್ಚಯಿಸಬೇಕು.

ಮತ್ತೆ ಕೆಂಗೇರಿಯ ಹುಡುಗನ ವಿಷಯ. ಅವನ ಆರು ಇನ್ನಿಂಗ್ಸುಗಳನ್ನು ಹಳೆಯ ಪುಸ್ತಕದಿಂದ ಹೆಕ್ಕಿ ತೆಗೆದು ನೋಡಿದೆ. ಆರರಲ್ಲಿ ಐದು ಸಲ ಅವನು ಮೊದಲಿಗನಾಗಿ, ಬೆಳಗಿನ ಪಂದ್ಯದಲ್ಲಿ, ಇಬ್ಬನಿಯೋ ಹಿಂದಿನ ರಾತ್ರಿಯ ಮಳೆಯೋ ಇನ್ನೂ ಆರದ ನೆಲದ ಮೇಲೆ ಆಡಿದ್ದ. ಅವನಿಗಿಂತ ಮೇಲಿದ್ದ ಕೆಲವರು ಮಧ್ಯಾಹ್ನದ ಒಣ ನೆಲದ ಮೇಲೆ, ಬೌಲರುಗಳು ಬಳಲಿದ ಮೇಲೆ ಬಂದವರು. ನನ್ನ ಸೂತ್ರದಂತೆ ಆರು ಸಲ ಔಟಾದವನ ಸರಾಸರಿಯಲ್ಲಿ ನೂರಕ್ಕೆ 40ರಷ್ಟು ದೋಷವಿರುತ್ತದೆ. ಎರಡು ರನ್ನಿನ ಅಂತರಕ್ಕೆ ಅರ್ಥವೇ ಇರಲಿಲ್ಲ. ಹದಿಮೂರು, ಹದಿನಾಲ್ಕು, ಹದಿನೈದನೆಯವರ ಹೆಸರುಗಳನ್ನು ಚೀಟಿ ಹಾಕಿ ಎತ್ತಿದ್ದರೂ ನನ್ನ ಪಟ್ಟಿಯಷ್ಟೇ ಶಾಸ್ತ್ರೀಯವಾಗಿರುತ್ತಿತ್ತು. ಪಟ್ಟಿಯ ಕೆಳಗೆ "ಈ ಮೂವರ ನಡುವೆ ಲೆಕ್ಕ ಏನನ್ನೂ ಹೇಳಲಾರದು" ಎಂದು ಒಂದು ಸಾಲು ಬರೆಯಬೇಕಾಗಿತ್ತು. ಬರೆದಿದ್ದರೆ ಹಿರಿಯರು ಅವನ ಆಟವನ್ನು ಕಣ್ಣಾರೆ ನೋಡಿ ನಿರ್ಧರಿಸುತ್ತಿದ್ದರೋ ಏನೋ. ಇದನ್ನೆಲ್ಲ ಅವನಿಗೆ ಹೇಳಬೇಕೆಂದು ಎರಡು ಭಾನುವಾರ ಕಾದೆ. ಅವನು ಈಗ ಬರುತ್ತಿಲ್ಲ. ಭಾನುವಾರಗಳಂದು ಮನೆಮನೆಗೆ ಊಟದ ಪೊಟ್ಟಣ ತಲಪಿಸುವ ಕೆಲಸಕ್ಕೆ ಸೇರಿದ್ದಾನೆಂದು ಅವನ ಗೆಳೆಯ ಹೇಳಿದ.

ಪರೀಕ್ಷೆಯ ಅಂಕಪಟ್ಟಿಗೂ ಇದೇ ಮಾತು ಸಲ್ಲುತ್ತದೆಯೇ ಎಂದು ಮಿತ್ರರೊಬ್ಬರು ಕೇಳಿದರು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ತರಗತಿಗೆ ಬಂದು ಕೂರುವವರು ನಮ್ಮಲ್ಲಿ ಎಷ್ಟು ಮಂದಿಯಿದ್ದಾರೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಗುರುಗಳು ಓದುವ ಪತ್ರಿಕೆಯಾದ್ದರಿಂದ ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ಈ ವರ್ಷದಿಂದ ನನ್ನ ಪುಸ್ತಕದಲ್ಲಿ ನಾಲ್ಕು ಹೊಸ ಕಲಮುಗಳಿವೆ: ಎದುರಿಸಿದ ಎಸೆತಗಳು, ಪಂದ್ಯದಲ್ಲಿ ವಿಕೆಟ್ಟಿಗೆ ಬಿದ್ದ ರನ್ನು, ಬ್ಯಾಟಿಗೆ ಇಳಿದಾಗಿನ ತಂಡದ ಸ್ಥಿತಿ, ನೆಲದ ಸ್ಥಿತಿ. ಕೊನೆಯದಕ್ಕೆ ತಂದೆಯವರು "ಮಿಷನ್ ಕಲಮು" ಎಂದು ಹೆಸರಿಟ್ಟಿದ್ದಾರೆ. ಇವನ್ನೆಲ್ಲ ಒಬ್ಬನೇ ಬರೆಯಲು ಆಗುತ್ತಿಲ್ಲ. ಎಸೆತ ಎಣಿಸುವಷ್ಟರಲ್ಲಿ ವಿಕೆಟ್ಟೇ ಬಿದ್ದುಹೋಗಿರುತ್ತದೆ. ಕಿರಿಯ ತರಗತಿಗಳಲ್ಲಿ ಲೆಕ್ಕದ ರುಚಿಯುಳ್ಳ ಯಾರಾದರೂ ಇದ್ದರೆ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬಸವೇಶ್ವರನಗರದ ಮೈದಾನಕ್ಕೆ ಬರಬೇಕು. ಪೆನ್ಸಿಲು ನಾನು ತರುತ್ತೇನೆ. ಚಿತ್ರಾನ್ನದ ಪೊಟ್ಟಣವನ್ನು ಹಂಚಿಕೊಳ್ಳಬೇಕಾದೀತು.